ಚೂರಾದ ಹಸ್ತಪ್ರತಿಗಳನ್ನು ಕಂಪ್ಯೂಟರ್ ಹೇಗೆ ಹೊಂದಿಸುತ್ತದೆ?

ಪ್ರಶ್ನೆ: ಚೆಲ್ಲಾಪಿಲ್ಲಿಯಾದ ಹಳೆಯ ಹಸ್ತಪ್ರತಿಗಳ ಚೂರುಗಳನ್ನು ಕಂಪ್ಯೂಟರ್ ಹುಡುಕಿ ಜೋಡಿಸುತ್ತದಂತೆ. ಹರಿದ ಅಂಚುಗಳನ್ನು ನೋಡಿ ಹೊಂದಿಸುತ್ತದೆಯೇ? ಅದು ಹೇಳಿದ್ದನ್ನು ನಂಬಬಹುದೇ?

ಉತ್ತರ: ಅಂಚು ನೋಡುತ್ತದೆ ಎಂದೇ ಎಲ್ಲರಿಗೂ ಮೊದಲು ಅನ್ನಿಸುವುದು. ಆದರೆ ಅಂಚಿನಿಂದ ಸಿಗುವ ನೆರವು ಕಡಿಮೆ. ಹುಳು ತಿಂದು, ಸವೆದು ಅದು ಆಕಾರವನ್ನೇ ಕಳೆದುಕೊಂಡಿರುತ್ತದೆ. ಮೇಲಾಗಿ, ಒಂದೇ ಪುಸ್ತಕದ ಎರಡು ಬೇರೆ ಹಾಳೆಗಳಾದರೆ ಹೊಂದಿಸಲು ಹರಿದ ಅಂಚೇ ಇರುವುದಿಲ್ಲ, ಅಲ್ವಾ?

ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂದು ಅಲ್ಲಿನ ಯಹೂದಿಗಳು ಸವೆದ ಹಾಳೆಗಳನ್ನೆಲ್ಲ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ತಂದರು. ಅಲ್ಲಿ ಈಗ 1,90,000ಕ್ಕೂ ಜಾಸ್ತಿ ಚೂರುಗಳಿವೆ. ಉಳಿದವು ಆಕ್ಸ್‌ಫರ್ಡ್, ನ್ಯೂಯಾರ್ಕ್ ಹೀಗೆ ಹಲವು ಕಡೆ ಹಂಚಿಹೋಗಿವೆ. ಕೇಂಬ್ರಿಜ್‌ನ ಚೂರುಗಳನ್ನೇ ಎರಡೆರಡಾಗಿ ಹೋಲಿಸಿದರೂ ಸುಮಾರು 1,800 ಕೋಟಿ ಜೋಡಿಗಳಾಗುತ್ತವೆ. ಯಾವ ಮನುಷ್ಯನಿಗೂ ಅದು ಮುಗಿಯದ ಕೆಲಸ.

ಟೆಲ್ ಅವೀವ್ ವಿಶ್ವವಿದ್ಯಾಲಯದ ಲಿಯರ್ ವುಲ್ಫ್, ನಾಹುಮ್ ದೆರ್ಶೊವಿಟ್ಜ್ ಮತ್ತು ಸಂಗಡಿಗರು ಇದಕ್ಕಾಗಿ ಚೂರುಗಳ ಫೋಟೊಗಳನ್ನು ಕಂಪ್ಯೂಟರಿಗೆ ಕೊಟ್ಟರು. ಶಾಯಿಯನ್ನು ಹಿನ್ನೆಲೆಯಿಂದ ಬೇರೆ ಮಾಡುವುದು, ಓರೆಯಾದ ಸಾಲುಗಳನ್ನು ನೇರ ಮಾಡುವುದು ಮೊದಲ ಕೆಲಸ. ಆಮೇಲೆ ಸಾಲುಗಳ ನಡುವಿನ ಅಂತರ, ಅಂಚಿನಲ್ಲಿ ಬಿಟ್ಟ ಜಾಗ, ಅಕ್ಷರಗಳ ತಿರುವು ಎಲ್ಲವೂ ಅಂಕಿಗಳಾಗುತ್ತವೆ. ಯಾವ ಎರಡು ಚೂರುಗಳ ಅಂಕಿಗಳು ಹತ್ತಿರವೋ ಅವು ಪಟ್ಟಿಯಲ್ಲಿ ಮೇಲಕ್ಕೆ ಬರುತ್ತವೆ. ಅಂದರೆ ಯಂತ್ರ ಹುಡುಕುವುದು ಬರೆದ ಕೈಯನ್ನು.

ಈ ನೋಟ ಎಷ್ಟು ಸೂಕ್ಷ್ಮ ಎಂಬುದು ನನಗೆ ಈಗಲೂ ಅಚ್ಚರಿ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ (ಹೀಬ್ರೂ ಬೈಬಲಿನ ಒಂದು ಪುಸ್ತಕದ ಪ್ರತಿ) ಏಳು ಮೀಟರಿಗೂ ಉದ್ದ, 54 ಕಾಲಂ. ಉದ್ದಕ್ಕೂ ಬರವಣಿಗೆ ಒಂದೇ ತರಹ ಕಾಣುತ್ತದೆ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದವರು ಅದರಲ್ಲಿರುವ 5,000ಕ್ಕೂ ಜಾಸ್ತಿ ಆಲೆಫ್ (ಹೀಬ್ರೂವಿನ ಮೊದಲ ಅಕ್ಷರ) ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿದರು. ಸುಮಾರು 27ನೇ ಕಾಲಂ ಹೊತ್ತಿಗೆ ಕೈ ಬದಲಾಗಿದೆ, ಬರೆದವರು ಬಹುಶಃ ಇಬ್ಬರು ಎಂದು 2021ರಲ್ಲಿ ಪ್ರಕಟಿಸಿದರು. ಎರಡು ಸಾವಿರ ವರ್ಷದ ಹಿಂದೆ ಒಬ್ಬರ ಕೈಯನ್ನು ಇನ್ನೊಬ್ಬರು ಅಷ್ಟು ಚೆನ್ನಾಗಿ ಅನುಸರಿಸಿದ್ದರು!

ಇನ್ನು ನಂಬುವ ಮಾತು. ಪಟ್ಟಿಯನ್ನು ನಂಬಿ, ಆದರೆ ಅದನ್ನೇ ತೀರ್ಪು ಅಂದುಕೊಳ್ಳಬೇಡಿ. ಒಬ್ಬರೇ ನಾಲ್ಕು ಪುಸ್ತಕ ಬರೆದಿರಬಹುದು. ಒಬ್ಬರೇ ಗುರುವಿನ ಬಳಿ ಕಲಿತ ಇಬ್ಬರ ಅಕ್ಷರ ಒಂದೇ ತರಹ ಇರಬಹುದು. ಎರಡು ಫೋಟೊಗಳಲ್ಲಿ ಒಂದೇ ಬಣ್ಣದ ಹಿನ್ನೆಲೆ ಇದ್ದರೂ ಯಂತ್ರ ಮೋಸಹೋಗಬಹುದು. ಅದಕ್ಕೇ ಹಿನ್ನೆಲೆಯನ್ನು ಮೊದಲೇ ಕತ್ತರಿಸಿಬಿಡುವುದು. ಕೊನೆಗೆ ಆ ಭಾಷೆ ಬಲ್ಲವರು ಎರಡೂ ಚೂರುಗಳನ್ನು ಓದಬೇಕು. ಇಲ್ಲಿ ಅರ್ಧಕ್ಕೆ ನಿಂತ ವಾಕ್ಯ ಅಲ್ಲಿ ಮುಂದುವರಿದರೆ, ಜೋಡಿ ಸಿಕ್ಕಿತು.