13 ತಂಡಗಳಿಗೆ ಆಡಿದವರು ಯಾರಿಗೂ ಬೇಡವಾದವರಾ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇಶ್ ಸ್ಮಿತ್ 13 ತಂಡಗಳಿಗೆ ಆಡಿದ್ದಾರಲ್ಲ, ಹಾಗಂದ್ರೆ ಅವರು ಯಾರಿಗೂ ಬೇಡವಾದ ಆಟಗಾರ ತಾನೇ ಅಂತ ಕೇಳಿದ್ದೀರಿ. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಹೊಸ ತಂಡದ ಪಟ್ಟಿಯಲ್ಲಿ ಅವರ ಹೆಸರು ಕಂಡಾಗಲೆಲ್ಲ 'ಓ, ಈ ಸಲ ಇಲ್ಲಿಗಾ!' ಅಂತ ನಗುತ್ತಿದ್ದೆ.

ಒಮ್ಮೆ ಸುಮ್ನೆ ಲೆಕ್ಕ ಹಾಕಿ ನೋಡಿ. ಲೀಗ್‌ನಲ್ಲಿ 30 ತಂಡ, ಒಂದೊಂದಕ್ಕೆ 15 ಪೂರ್ಣಾವಧಿ ಜಾಗ. ಒಟ್ಟು 450 ಕೆಲಸ. ವರ್ಷ ವರ್ಷವೂ ಡ್ರಾಫ್ಟ್‌ನಿಂದ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಕ್ರಮ) ಹೊಸ ಹುಡುಗರು ಬಂದು ಆ ಜಾಗಗಳ ಮೇಲೆ ಕಣ್ಣಿಡುತ್ತಾರೆ. ಸ್ಮಿತ್ ಅವರನ್ನು 2010ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಎತ್ತರ ಆರೇ ಅಡಿ. ಅಂಥವರು 14 ಸೀಸನ್ ಉಳಿದುಕೊಂಡರು. ತಂಡಗಳನ್ನು ಎಣಿಸುವ ಬದಲು ವರ್ಷಗಳನ್ನು ಎಣಿಸಿದರೆ ಕಥೆಯೇ ಬೇರೆ.

ನನ್ನ ಅಭಿಪ್ರಾಯ ಬದಲಾಗಿದ್ದು 2015ರಲ್ಲಿ. ಆ ವರ್ಷದ ಮೊದಲರ್ಧದಲ್ಲಿ ಸ್ಮಿತ್ ಫಿಲಡೆಲ್ಫಿಯಾದಲ್ಲಿ ಆಡಿದ್ದರು. ಬೇಸಿಗೆಯಲ್ಲಿ ಕಾಂಟ್ರ್ಯಾಕ್ಟ್ ಮುಗಿಯಿತು, ತಂಡ ಅವರನ್ನು ಹಾಗೇ ಬಿಟ್ಟುಕೊಟ್ಟಿತು. ಅವರು ವಾಷಿಂಗ್ಟನ್‌ಗೆ ಹೋದರು. ಸೀಸನ್ ಶುರುವಾಗುವ ಮೊದಲೇ ಅಲ್ಲಿಂದ ಕೈಬಿಟ್ಟರು. ನ್ಯೂ ಆರ್ಲಿಯನ್ಸ್ ಎತ್ತಿಕೊಂಡಿತು. ಇತ್ತ ಫಿಲಡೆಲ್ಫಿಯಾ ಮೊದಲ 31 ಆಟಗಳಲ್ಲಿ ಗೆದ್ದಿದ್ದು ಒಂದೇ ಒಂದು! ಚೆಂಡನ್ನು ಸರಿಯಾಗಿ ಮುಂದೆ ತರುವವರೇ ಇರಲಿಲ್ಲ. ಕೊನೆಗೆ ಕ್ರಿಸ್‌ಮಸ್ ಹಿಂದಿನ ದಿನ, ಎರಡನೇ ಸುತ್ತಿನ ಎರಡು ಡ್ರಾಫ್ಟ್ ಅವಕಾಶಗಳನ್ನು ಕೊಟ್ಟು ಅದೇ ಸ್ಮಿತ್ ಅವರನ್ನು ವಾಪಸ್ ಕರೆಸಿಕೊಂಡರು. ಆರು ತಿಂಗಳ ಹಿಂದೆ ಬಿಟ್ಟಿಯಾಗಿ ಬಿಟ್ಟವರಿಗೆ ಈಗ ಬೆಲೆ ಕೊಟ್ಟರು. ಅವರು ಬಂದ ಮೊದಲ ಆಟದಲ್ಲೇ ಫೀನಿಕ್ಸ್ ವಿರುದ್ಧ ಗೆಲುವು. ಆ ಸೀಸನ್ ತಂಡ ಗೆದ್ದಿದ್ದು ಬರೀ ಹತ್ತು ಆಟ, ಅದು ಬೇರೆ ಮಾತು. ಆದರೆ ಬೇಡವಾದವರನ್ನು ಯಾರಾದರೂ ಹೀಗೆ ಹುಡುಕಿಕೊಂಡು ಹೋಗ್ತಾರಾ?

ಇಂಥವರನ್ನು 'ಜರ್ನಿಮ್ಯಾನ್' ಅನ್ನುತ್ತಾರೆ. ಜರ್ನಿ ಅಂದರೆ ಪ್ರಯಾಣ, ಅದಕ್ಕೇ ಈ ಹೆಸರು ಅಂತ ಎಷ್ಟೋ ದಿನ ನಂಬಿದ್ದೆ. ಅಲ್ಲ. ಅದರ ಮೂಲ 'ದಿನ' ಅನ್ನೋ ಅರ್ಥದ ಫ್ರೆಂಚ್ ಪದ. ಕಸುಬು ಪೂರ್ತಿ ಕಲಿತು, ದಿನಗೂಲಿಗೆ ಕೆಲಸ ಮಾಡುವವರು ಜರ್ನಿಮ್ಯಾನ್. ಈ ಅರ್ಥವೇ ಸರಿಯಾಗಿ ಹೊಂದುತ್ತದೆ. ಯಾಕೆಂದರೆ ಎನ್‌ಬಿಎಯಲ್ಲಿ ನಿಜವಾಗಲೂ ಹತ್ತು ದಿನದ ಕಾಂಟ್ರ್ಯಾಕ್ಟ್ ಇದೆ. ಜನವರಿ 5ರಿಂದ ಶುರು. ಒಂದೇ ತಂಡ ಒಬ್ಬ ಆಟಗಾರನಿಗೆ ಒಂದು ಸೀಸನ್‌ನಲ್ಲಿ ಇಂಥದ್ದನ್ನು ಎರಡು ಸಲ ಮಾತ್ರ ಕೊಡಬಹುದು. ಆಮೇಲೆ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲ ಕಳಿಸಬೇಕು. ಗ್ಯಾರೆಟ್ ಟೆಂಪಲ್ ಕೂಡ ಡ್ರಾಫ್ಟ್ ಆಗದವರೇ. ಅವರು 2009-10ರಲ್ಲಿ ಹೀಗೆ ಹತ್ತು ಹತ್ತು ದಿನದ ಕೆಲಸ ಹಿಡಿದೇ ಲೀಗ್‌ಗೆ ಕಾಲಿಟ್ಟರು. ಮುಂದೆ ಹತ್ತು ವರ್ಷಕ್ಕಿಂತ ಜಾಸ್ತಿ ಆಡಿದರು.

ಹತ್ತು ದಿನದಲ್ಲಿ ಏನು ತೋರಿಸೋಕಾಗುತ್ತೆ ಅನ್ನಬಹುದು. ನನಗೆ ತೋಚುವ ಮಟ್ಟಿಗೆ, ಅಂಥ ಆಟಗಾರರಿಂದ ಯಾರೂ ಮೂವತ್ತು ಪಾಯಿಂಟ್ ಬಯಸುವುದಿಲ್ಲ. ಬಂದ ದಿನವೇ ತಂಡದ ಆಟದ ಕ್ರಮ ಬಾಯಿಪಾಠ ಆಗಿರಬೇಕು. ಡಿಫೆನ್ಸ್‌ನಲ್ಲಿ ಯಾರು ಯಾವಾಗ ಜಾಗ ಬದಲಿಸಬೇಕು ಅನ್ನೋದು ಒಂದೊಂದು ತಂಡದಲ್ಲಿ ಒಂದೊಂದು ಥರ. ಮೂರು ರಾತ್ರಿ ಬೆಂಚ್ ಮೇಲೆ ಕೂತು, ನಾಲ್ಕನೇ ರಾತ್ರಿ ಐದು ನಿಮಿಷ ಸಿಕ್ಕರೆ ಆ ಐದು ನಿಮಿಷ ಎಡವಬಾರದು. ಸ್ಟಾರ್ ಆಟಗಾರನಿಗೆ ಇಂಥ ಪರೀಕ್ಷೆಯೇ ಇಲ್ಲ. ಇನ್ನು ಟ್ರೇಡ್ ಮಾಡುವಾಗ, ಅಂದರೆ ತಂಡಗಳು ತಮ್ಮತಮ್ಮಲ್ಲೇ ಆಟಗಾರರನ್ನು ಕೊಟ್ಟು ತಗೊಳ್ಳುವಾಗ, ಬಹುತೇಕ ಆಟಗಾರರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಫೋನ್ ಬಂತು, ಗಂಟು ಮೂಟೆ ಕಟ್ಟು, ಅಷ್ಟೇ.

ಸಂಬಳದ್ದು ಒಂದು ಗಮ್ಮತ್ತಿನ ವಿಷಯ. ಅನುಭವ ಏರಿದಂತೆ ಕನಿಷ್ಠ ಸಂಬಳವೂ ಏರುತ್ತದೆ. ಹಾಗಾದರೆ ತಂಡಗಳು ಅಗ್ಗದ ಹುಡುಗನನ್ನೇ ತಗೊಳ್ತವೆ ಅಲ್ವಾ? ಹಾಗಾಗಬಾರದು ಅಂತ ಒಂದು ನಿಯಮ ಮಾಡಿದ್ದಾರೆ. ಹಳಬರು ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಕಾಂಟ್ರ್ಯಾಕ್ಟ್ ಮಾಡಿಕೊಂಡರೆ, ಎರಡು ವರ್ಷ ಅನುಭವದವರ ಕನಿಷ್ಠ ಸಂಬಳದಷ್ಟನ್ನು ಮಾತ್ರ ತಂಡ ಭರಿಸುತ್ತದೆ. ಮಿಕ್ಕಿದ್ದನ್ನು ಲೀಗ್ ತುಂಬಿಕೊಡುತ್ತದೆ. ವರ್ಷಕ್ಕೊಂದು ಊರು ಸುತ್ತುವ ಹಳಬರಿಗೆ ಈ ನಿಯಮ ದೊಡ್ಡ ಆಸರೆ.

ಹಾಗಂತ ಡ್ರಾಫ್ಟ್ ಆಗದವರು ಮಾತ್ರ ಹೀಗೆ ಅಲೆಯುತ್ತಾರೆ ಅಂದುಕೊಳ್ಳಬೇಡಿ. 1995ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಜೋ ಸ್ಮಿತ್. ಅವರೂ 12 ತಂಡ ಕಂಡರು. 1992ರಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದ ಜಿಮ್ ಜಾಕ್ಸನ್ ಅವರದ್ದೂ 12. ಇಶ್ ಸ್ಮಿತ್ 2022-23ರಲ್ಲಿ ಡೆನ್ವರ್ ಪರ ಅಂಗಳಕ್ಕಿಳಿದು ಅತಿ ಹೆಚ್ಚು ತಂಡಗಳಿಗೆ ಆಡಿದ ಆ ದಾಖಲೆ ಮುರಿದರು. ಅದೇ ಸೀಸನ್ ಡೆನ್ವರ್ ಚಾಂಪಿಯನ್ ಆಯಿತು. ಹದಿಮೂರನೇ ಜೆರ್ಸಿಯಲ್ಲಿ ಚಾಂಪಿಯನ್ನರಿಗೆ ಕೊಡುವ ಉಂಗುರ!

ಇವರೆಲ್ಲರಲ್ಲಿ ನನಗೆ ಅಚ್ಚುಮೆಚ್ಚು ಟೋನಿ ಮ್ಯಾಸೆನ್‌ಬರ್ಗ್. 1990ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಶುರು ಮಾಡಿದರು. ಆಮೇಲೆ ಇನ್ನೂ 11 ತಂಡಗಳಿಗೆ ಆಡಿದರು. ಕೊನೆಗೆ ಮತ್ತೆ ಸ್ಯಾನ್ ಆಂಟೋನಿಯೋಗೇ ಬಂದು 2005ರಲ್ಲಿ ಚಾಂಪಿಯನ್ ತಂಡದಲ್ಲಿದ್ದರು. ಎನ್‌ಬಿಎಯಲ್ಲಿ ಅದೇ ಅವರ ಕೊನೆಯ ಸೀಸನ್.