ಎಂಸಿಆರ್-1 ಕೊಲಿಸ್ಟಿನ್ನನ್ನು ಒಡೆಯುವುದಿಲ್ಲ
ಬ್ಯಾಕ್ಟೀರಿಯಾಗೆ ಕೊಲಿಸ್ಟಿನ್ ಎಂಬ ಪ್ರತಿಜೀವಕದ ವಿರುದ್ಧ ನಿರೋಧಕತೆ ಕೊಡುವ ಎಂಸಿಆರ್-1 ಕಿಣ್ವ ಆ ಔಷಧವನ್ನು ಒಡೆಯುತ್ತದೆಯೇ, ಅಗಾರ್ ಎಂಬ ಜೆಲ್ ಮೇಲೆ ಬೆಳೆಯುವ ಬ್ಯಾಕ್ಟೀರಿಯಾದ ನಡುವೆ ಔಷಧದ ಬಿಲ್ಲೆ ಇಡುವ ಡಿಸ್ಕ್ ಪರೀಕ್ಷೆಯಲ್ಲಿ ಈ ನಿರೋಧಕತೆ ಏಕೆ ಸಿಕ್ಕಿಬೀಳಲಿಲ್ಲ ಎಂದು ಕೇಳಿದ್ದೀರಿ. ಅದು ಒಡೆಯುವುದಿಲ್ಲ, ಔಷಧದ ಗುರಿಯನ್ನೇ ಬದಲಿಸುತ್ತದೆ.

ಕೊಲಿಸ್ಟಿನ್ ಅಣುವಿನಲ್ಲಿ ಐದು ಧನ ಆವೇಶಗಳಿವೆ. ಬ್ಯಾಕ್ಟೀರಿಯಾದ ಹೊರಪೊರೆಯ ಲಿಪಿಡ್-ಎ ಎಂಬ ಕೊಬ್ಬಿನಂಥ ಅಣುವಿನ ಮೇಲಿರುವ ಋಣ ಆವೇಶದ ಫಾಸ್ಫೇಟುಗಳಿಗೆ ಅಂಟಿಕೊಂಡೇ ಅದು ಪೊರೆಯನ್ನು ಕೆಡಿಸುವುದು. ಸತುವಿನ ನೆರವಿನಿಂದ ಕೆಲಸ ಮಾಡುವ ಈ ಕಿಣ್ವ, ಪೊರೆಯಲ್ಲೇ ಇರುವ ಕೊಬ್ಬಿನಿಂದ ಫಾಸ್ಫೋಎಥನಾಲಮೀನ್ ತುಣುಕನ್ನು ತೆಗೆದು ಆ ಫಾಸ್ಫೇಟಿಗೆ ಜೋಡಿಸುತ್ತದೆ. ಋಣ ಆವೇಶ ತಗ್ಗುತ್ತದೆ, ಔಷಧಕ್ಕೆ ಹಿಡಿತ ತಪ್ಪುತ್ತದೆ. ಈ ಕಿಣ್ವದ ಜೀನ್ ಪ್ಲಾಸ್ಮಿಡ್ ಎಂಬ ಸಣ್ಣ, ಪ್ರತ್ಯೇಕ ಡಿಎನ್ಎ ಉಂಗುರದ ಮೇಲಿರುವುದರಿಂದ ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟುತ್ತದೆ. ನಿಜವಾದ ಆತಂಕ ಅದೇ.

ಡಿಸ್ಕ್ ಫಲಿತಾಂಶವನ್ನು ದಯವಿಟ್ಟು ನಂಬಬೇಡಿ. ದೊಡ್ಡ ಅಣುವಾದ ಕೊಲಿಸ್ಟಿನ್ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಔಷಧವನ್ನು ಹಂತಹಂತವಾಗಿ ಅರ್ಧಕ್ಕಿಳಿಸಿದ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಬ್ರಾತ್ ಮೈಕ್ರೋಡೈಲ್ಯೂಷನ್ ಮಾಡಿ, ಅದಕ್ಕೆ ಕೊಲಿಸ್ಟಿನ್ನಿನ ಸಲ್ಫೇಟ್ ಲವಣವನ್ನೇ ಬಳಸಿ. ಇ. ಕೊಲೈನಲ್ಲಿ ಎಂಐಸಿ (ಬೆಳವಣಿಗೆ ತಡೆಯುವ ಅತಿ ಕಡಿಮೆ ಔಷಧ ಪ್ರಮಾಣ) ಲೀಟರಿಗೆ 2 ಮಿಲಿಗ್ರಾಂ ಮೀರಿದರೆ ನಿರೋಧಕ. ಎಂಸಿಆರ್-1 ಇರುವವು ಹೆಚ್ಚಾಗಿ 4 ಅಥವಾ 8ರಲ್ಲೇ ನಿಲ್ಲುತ್ತವೆ, ಹಾಗಾಗಿ ಒಂದೇ ಹಂತದ ತಪ್ಪೂ ದುಬಾರಿ.