ಅಪ್ಪ ಅಮ್ಮನ ಜೊತೆ ಎವಿಯಾನ್‌ನಲ್ಲಿ ಎರಡು ದಿನ: ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಜುಲೈನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ, ಇಬ್ಬರಿಗೂ ಎಪ್ಪತ್ತರ ಹತ್ತಿರ, ಸಸ್ಯಾಹಾರಿಗಳು, ಫ್ರೆಂಚ್ ಯಾರಿಗೂ ಬರಲ್ಲ. ಸ್ವಿಟ್ಜರ್ಲೆಂಡ್ ಸುತ್ತುವಾಗ ಜಿನೀವಾ ಸರೋವರದ ಆಚೆ ದಡದಲ್ಲಿ, ಫ್ರಾನ್ಸ್ ಕಡೆ ಇರುವ ಎವಿಯಾನ್‌ನಲ್ಲಿ ಎರಡು ದಿನ ಇದ್ದರೆ ದುಡ್ಡು ದಂಡವಾ?

ದಂಡ ಅಲ್ಲ. ನಾನು ಸರೋವರದ ಸ್ವಿಸ್ ದಡದ ಲೊಸಾನ್‌ನಲ್ಲಿ ಇದ್ದೇನೆ. ಊರಿಂದ ವಯಸ್ಸಾದವರು ಬಂದರೆ ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಯಾಕೆ ಅಂದರೆ, ನೋಡಲೇಬೇಕು ಅನ್ನುವಂಥದ್ದು ಅಲ್ಲಿ ಕಡಿಮೆ. ಟ್ರೈನಿಗೆ, ಕೇಬಲ್ ಕಾರಿಗೆ ಅಂತ ಗಡಿಯಾರ ನೋಡಿಕೊಂಡು ಓಡುವುದು ಇಲ್ಲ. ಬೆಳಿಗ್ಗೆ ನಿಧಾನವಾಗಿ ಎದ್ದು, ದಡದ ಉದ್ದಕ್ಕೂ ಹೂವಿನ ಪಾತಿಗಳ ಪಕ್ಕ ನಡೆದು, ಬೆಂಚಿನ ಮೇಲೆ ಕೂತರೆ ಅರ್ಧ ದಿನ ಆಯಿತು. ಇದು ನಿಮ್ಮ ಅಪ್ಪನಿಗೆ ಬೋರು ಅನ್ನಿಸುತ್ತದೆಯಾ ಇಲ್ಲವಾ ಅಂತ ನಿಮಗೇ ಗೊತ್ತು.

ಹೋಗುವುದಾದರೆ ದೋಣಿಯಲ್ಲೇ ಹೋಗಿ. ಲೊಸಾನ್ ಸ್ಟೇಷನ್ನಿಂದ ಮೆಟ್ರೊ ಹತ್ತಿ ಊಶಿಯಲ್ಲಿ ಇಳಿದರೆ ದೋಣಿಕಟ್ಟೆ ಪಕ್ಕದಲ್ಲೇ. ಅಲ್ಲಿಂದ ಸುಮಾರು 35 ನಿಮಿಷ. ಪ್ರವಾಸಿಗರಿಗೆ ಅಂತ ಬಿಟ್ಟಿರುವ ದೋಣಿ ಅಲ್ಲ ಇದು, ವರ್ಷಪೂರ್ತಿ ಓಡುತ್ತದೆ. ಫ್ರಾನ್ಸ್ ಕಡೆ ಮನೆ ಮಾಡಿಕೊಂಡು ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುವವರು ದಿನಾ ಇದರಲ್ಲೇ ಓಡಾಡುತ್ತಾರೆ. ಸಂಬಳ ಫ್ರಾಂಕಿನಲ್ಲಿ, ಬಾಡಿಗೆ ಯೂರೋದಲ್ಲಿ, ಬುದ್ಧಿವಂತರು ಅಲ್ವಾ! ಜಿನೀವಾದಿಂದ ಬರುವುದಾದರೆ ಲೇಮಾನ್ ಎಕ್ಸ್‌ಪ್ರೆಸ್ ಅನ್ನುವ ರೈಲು ನೇರವಾಗಿ ಎವಿಯಾನ್‌ಗೇ ಬರುತ್ತದೆ. 2019ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು. ಆದರೆ ಎವಿಯಾನ್‌ನಿಂದ ಮುಂದೆ ದಡದ ಗುಂಟ ಸ್ವಿಸ್ ಊರು ಮಾಂಟ್ರೋ ಕಡೆಗೆ ರೈಲಿನಲ್ಲಿ ಹೋಗೋಣ ಅಂತ ಪ್ಲಾನ್ ಹಾಕಬೇಡಿ. ಮ್ಯಾಪಿನಲ್ಲಿ ಹಳಿ ಕಾಣುತ್ತದೆ, ರೈಲು ಓಡುವುದಿಲ್ಲ.

ಹೌದು, ಆ ಬಾಟಲಿ ನೀರಿನ ಎವಿಯಾನೇ ಇದು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಊಟದ ಬಿಲ್ಲಿಗಿಂತ ನೀರಿನ ಬಿಲ್ಲೇ ಹೆದರಿಸುತ್ತದಲ್ಲ, ಅದೇ ನೀರು ಇಲ್ಲಿ ಬೀದಿಯ ನಲ್ಲಿಯಲ್ಲಿ ಪುಕ್ಕಟೆ. ಕಶಾ ಅನ್ನುವ ಈ ಬುಗ್ಗೆ ದೋಣಿಕಟ್ಟೆಯಿಂದ ಸ್ವಲ್ಪ ಮೇಲಕ್ಕಿದೆ. ಊರಿನವರು ಕ್ಯಾನು, ಖಾಲಿ ಬಾಟಲಿ ಹಿಡಿದು ಬರುತ್ತಾರೆ. ನೀವೂ ತೆಗೆದುಕೊಂಡು ಹೋಗಿ. 1789ರ ಸುಮಾರಿಗೆ ಮೂತ್ರಪಿಂಡದ ಕಲ್ಲಿನಿಂದ ನರಳುತ್ತಿದ್ದ ಒಬ್ಬ ಶ್ರೀಮಂತ ಕಶಾ ಅನ್ನುವವರ ತೋಟದ ಈ ನೀರು ಕುಡಿದು ಗುಣವಾದ ಅಂತ ಕಥೆ. ಆಮೇಲೆ ಊರಿನ ಹಣೆಬರಹವೇ ಬದಲಾಯಿತು. ಊರಿನ ಹಿಂದೆ ಎತ್ತರದ ಬಯಲಿದೆ. ಅಲ್ಲಿ ಬಿದ್ದ ಮಳೆ, ಹಿಮ ಎಲ್ಲ ಹಳೆಯ ಹಿಮನದಿ ಬಿಟ್ಟುಹೋದ ಮರಳಿನ ಪದರಗಳಲ್ಲಿ ಸೋಸಿಕೊಂಡು ಕೆಳಗೆ ಬರಲು 15 ವರ್ಷಕ್ಕೂ ಜಾಸ್ತಿ ಬೇಕಂತೆ. ರುಚಿ? ನೀರಿನ ರುಚಿ.

ಬುಗ್ಗೆಯ ಹತ್ತಿರವೇ ಬೆಟ್ಟ ಹತ್ತುವ ಪುಟಾಣಿ ರೈಲಿದೆ. 1907ರಲ್ಲಿ ಶುರುವಾಗಿ, 1969ರಲ್ಲಿ ನಿಂತು, 2002ರಲ್ಲಿ ಮತ್ತೆ ಹೊರಟದ್ದು. ಮರದ ಬೆಂಚು, ಟಿಕೆಟ್ ಇಲ್ಲ. ಬೇಸಿಗೆ ಕಾಲದಲ್ಲಿ ಮಾತ್ರ ಓಡುತ್ತದೆ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯದು ಏನಿದೆ? ಮೇಲೆ ಹೋಗಿ, ಸುತ್ತ ನೋಡಿ, ಅದರಲ್ಲೇ ಇಳಿದು ಬನ್ನಿ.

ಇಷ್ಟು ಸುಖವಾಗಿ ಕಾಣುವ ಊರಿನಲ್ಲಿ ಏನೇನು ನಡೆದಿದೆ ಅನ್ನುವುದು ಪ್ರವಾಸಿಗರ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಗುಡ್ಡದಲ್ಲಿ ರಾಯಲ್ ಹೋಟೆಲ್ ಇದೆ. 1938ರ ಜುಲೈನಲ್ಲಿ 32 ದೇಶಗಳ ಪ್ರತಿನಿಧಿಗಳು ಅಲ್ಲಿ ಸೇರಿದ್ದರು. ಹಿಟ್ಲರ್‌ನಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಿದ್ದ ಯಹೂದಿಗಳನ್ನು ಯಾರು ಸೇರಿಸಿಕೊಳ್ಳುತ್ತೀರಿ ಅನ್ನುವುದು ಪ್ರಶ್ನೆ. ಎಲ್ಲರೂ ಮರುಕ ತೋರಿಸಿದರು. ದೊಡ್ಡ ಸಂಖ್ಯೆಯಲ್ಲಿ ಕರೆಸಿಕೊಳ್ಳುತ್ತೇವೆ ಅಂದಿದ್ದು ಡೊಮಿನಿಕನ್ ರಿಪಬ್ಲಿಕ್ ಅನ್ನುವ ಚಿಕ್ಕ ದೇಶ ಮಾತ್ರ. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದ ಸ್ವಾತಂತ್ರ್ಯಕ್ಕೆ ದಾರಿ ಮಾಡಿದ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಈ ಊರಿನಲ್ಲೇ, 1962ರ ಮಾರ್ಚ್ 18ರಂದು. ಮಾತುಕತೆಗೆ ಜಾಗ ಕೊಡಲು ಒಪ್ಪಿದ್ದ ಮೇಯರ್ ಕಮೀಲ್ ಬ್ಲಾಂ ಅವರನ್ನು ಅದಕ್ಕೆ ಒಂದು ವರ್ಷ ಮೊದಲೇ ಬಾಂಬ್ ಇಟ್ಟು ಕೊಂದರು. ಆಲ್ಜೀರಿಯಾದ ಪ್ರತಿನಿಧಿಗಳು ಉಳಿದುಕೊಂಡಿದ್ದು ಸ್ವಿಸ್ ಕಡೆ, ಮಾತುಕತೆಗೆ ಅಂತ ಸರೋವರ ದಾಟಿ ಬರುತ್ತಿದ್ದರು. ನಿಮ್ಮ ಅಪ್ಪ ಪೇಪರ್ ಓದುವವರಾದರೆ ಇದನ್ನು ದೋಣಿಯಲ್ಲೇ ಹೇಳಿ. ಊರು ಬೇರೆಯಾಗಿಯೇ ಕಾಣುತ್ತದೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಎವಿಯಾನ್ ಉತ್ತರಕ್ಕೆ ಮುಖ ಮಾಡಿ ಕೂತಿದೆ. ಆಲ್ಪ್ಸ್ ಬೆಟ್ಟಗಳು ನಿಮ್ಮ ಬೆನ್ನ ಹಿಂದೆ. ಸರೋವರದ ಮೇಲೆ ಬೆಟ್ಟ ಎದ್ದು ನಿಂತ ಫೋಟೊ ಬೇಕಾದರೆ ಅದು ಸಿಗುವುದು ಲೊಸಾನ್ ಕಡೆಯಿಂದ. ಎವಿಯಾನ್‌ನಿಂದ ಕಾಣುವುದು ಲೊಸಾನ್ ಊರು, ದ್ರಾಕ್ಷಿ ತೋಟಗಳ ಮೆಟ್ಟಿಲು, ಅದರಾಚೆ ಜೂರಾದ ತಗ್ಗು ಬೆಟ್ಟಗಳು. ಜುಲೈನಲ್ಲಿ ಸೂರ್ಯ ಮುಳುಗುವುದು ಮಾತ್ರ ಇಲ್ಲಿಂದಲೇ ಚೆಂದ, ಒಂಬತ್ತು ಗಂಟೆ ದಾಟಿದ ಮೇಲೆ. ಹಾಗಾಗಿ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವುದಕ್ಕಿಂತ ರಾತ್ರಿ ಉಳಿಯುವುದು ವಾಸಿ. ರೂಮಿನ ಬಾಡಿಗೆಯೂ ಸ್ವಿಸ್ ಕಡೆಗಿಂತ ಸಾಮಾನ್ಯವಾಗಿ ಕಡಿಮೆ.

ಇವ್ವಾರ್ ಅನ್ನುವ ಹಳೇ ಕೋಟೆ ಹಳ್ಳಿಯ ಬಗ್ಗೆಯೂ ಕೇಳಿರುತ್ತೀರಿ. 14ನೇ ಶತಮಾನದ ಬಾಗಿಲುಗಳು, ಕಲ್ಲಿನ ಮನೆ, ಎಲ್ಲ ಕಿಟಕಿಯಲ್ಲೂ ಹೂವು. ಚೆನ್ನಾಗಿದೆ. ಆದರೆ ಜುಲೈ ಮಧ್ಯಾಹ್ನ ಜಾತ್ರೆ. ಎವಿಯಾನ್‌ನಿಂದ ಹೋಗುವ ಬದಲು, ಸ್ವಿಸ್ ಕಡೆಯ ನಿಯೋನ್‌ನಿಂದ 20 ನಿಮಿಷದ ದೋಣಿಯಲ್ಲಿ ಬೆಳಿಗ್ಗೆಯೇ ಹೋಗಿ ಬನ್ನಿ.

ಊಟದ್ದು ಸ್ವಲ್ಪ ತಲೆನೋವು. ಇಲ್ಲಿನ ಹೆಮ್ಮೆ ಸರೋವರದ ಮೀನು. ಚೀಸಿನ ಅಡುಗೆ ಅಂದರೆ ಸಸ್ಯಾಹಾರ ಅಂತ ನಂಬಬೇಡಿ. ಆಲೂಗಡ್ಡೆ ಚೀಸ್ ಹಾಕಿ ಮಾಡುವ ತಾರ್ತಿಫ್ಲೆಟ್‌ನಲ್ಲಿ ಹಂದಿಮಾಂಸದ ಚೂರು ಇರುತ್ತದೆ, ಕರಗಿಸಿದ ಚೀಸಿನ ಫಾಂಡ್ಯೂನಲ್ಲಿ ವೈನ್ ಇರುತ್ತದೆ, ಎವಿಯಾನ್ ಇರುವ ಈ ಸವಾಯ್ ಸೀಮೆಯ ಹೆಸರುವಾಸಿ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಅಮ್ಮ ಕಟ್ಟುನಿಟ್ಟಾದರೆ ಪಿಜ್ಜಾ ತಿನ್ನುವ ಮೊದಲೂ ಚೀಸಿನ ಬಗ್ಗೆ ಯೋಚಿಸಿ. ಅಡುಗೆಮನೆ ಇರುವ ಬಾಡಿಗೆ ಫ್ಲಾಟ್ ಹಿಡಿದು, ಅಕ್ಕಿ ಬೇಳೆ ಕುಕ್ಕರ್ ಜೊತೆಗೇ ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಮೇಲೆ ಊಟ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ರಾತ್ರಿ ಏಳರವರೆಗೆ ಕಾಯಬೇಕು. ಭಾಷೆಗೆ ಹೆದರಬೇಡಿ. ಅಂಗಡಿಗೆ ಕಾಲಿಡುವಾಗ ಬೋಂಜೂರ್ ಅಂದುಬಿಡಿ, ಉಳಿದದ್ದು ಫೋನು ನೋಡಿಕೊಳ್ಳುತ್ತದೆ.

ವೀಸಾ ಒಂದೇ ಸಾಕು, ಎರಡೂ ಷೆಂಗೆನ್ ದೇಶಗಳು. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಅಲ್ಲಿಗೆ ಅರ್ಜಿ ಹಾಕಿ. ಪಾಸ್‌ಪೋರ್ಟ್ ದೋಣಿಯಲ್ಲಿ ಜೊತೆಗಿರಲಿ. ಜುಲೈನಲ್ಲಿ ಹೆಂಗಸರ ದೊಡ್ಡ ಗಾಲ್ಫ್ ಪಂದ್ಯಾವಳಿ ಎವಿಯಾನ್‌ನಲ್ಲಿ ನಡೆಯುತ್ತದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೂಡ ಅದರಲ್ಲಿ ಆಡಿದ್ದಾರೆ. ಗಾಲ್ಫ್ ಹುಚ್ಚು ಇಲ್ಲದಿದ್ದರೆ ಆ ವಾರ ಬಿಟ್ಟು ರೂಮು ಬುಕ್ ಮಾಡಿ.

ಕೊನೆಗೆ, ದಡದ ಈಜುಕೊಳಕ್ಕೆ ಇಳಿಯುವ ಆಸೆ ಇದ್ದರೆ ಗಂಡಸರು ಮೈಗಂಟುವ ಈಜು ಚಡ್ಡಿ ತರಬೇಕು. ಮಂಡಿವರೆಗಿನ ಸಡಿಲ ಚಡ್ಡಿಯನ್ನು ಫ್ರಾನ್ಸಿನ ಸಾರ್ವಜನಿಕ ಕೊಳಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಅಪ್ಪನಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ.